ಸೊರಗಿದ ಬಾಟಲಿ ಕರುವನ್ನು ಎತ್ತಿ ನಿಲ್ಲಿಸುವುದು: ಮೊದಲು ಬಿಸಿ, ಆಮೇಲೆ ನೀರು, ಹಾಲು ಮೂರನೆಯದು

ಪಕ್ಕೆಲುಬು ಎಣಿಸುವಂತಿರುವ ಕರು ಮನೆಗೆ ಬಂದರೆ ನಾವೆಲ್ಲ ಮೊದಲು ಮಾಡುವುದು ಒಂದೇ. ಎರಡು ಲೀಟರ್ ಹಾಲು ಕಾಯಿಸಿ ಒಂದೇ ಏಟಿಗೆ ಕುಡಿಸಿಬಿಡುತ್ತೇವೆ. ಸಂಜೆ ಕರು ಚುರುಕಾಗಿರುತ್ತದೆ. ಮರುದಿನ ನೀರಿನಂತೆ ಉಚ್ಚಿಕೊಳ್ಳುತ್ತದೆ, ಮೂರನೆಯ ದಿನ ಕತ್ತು ಎತ್ತುವುದಿಲ್ಲ. ನನ್ನ ಮೊದಲ ಕರು ಹೋದದ್ದು ಹೀಗೇ. "ಪಾಪ, ಒಟ್ಟೆ ತುಂಬ ಕುಡ್ಕಳ್ಳಿ ಬುಡ್ಲಾ" ಎಂದು ಅವ್ವ ಅಂದಳು, ನಾನೂ ಹೂಂ ಅಂದೆ.

ತಾಯಿ ಸತ್ತ ಕರು, ಹಾಲೆಲ್ಲ ಡೈರಿಗೆ ಹೋಗಿ ಬರೀ ನೊರೆ ನೆಕ್ಕಿ ಬೆಳೆದ ಕರು, ಗಂಡೆಂದು ಯಾರೋ ಬಿಟ್ಟುಹೋದ ಕರು, ಎಲ್ಲಕ್ಕೂ ಕ್ರಮ ಒಂದೇ. ಕೆಳಗಿನ ಲೆಕ್ಕವೆಲ್ಲ 25 ಕೆಜಿ ತೂಕದ, ಎರಡರಿಂದ ಆರು ವಾರದೊಳಗಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಅಥವಾ ಜರ್ಸಿ ಮಿಶ್ರತಳಿ ಕರುವಿಗೆ. ನಿಮ್ಮ ಕರುವಿನ ತೂಕಕ್ಕೆ ತಕ್ಕಂತೆ ಹೆಚ್ಚು ಕಡಿಮೆ ಮಾಡಿಕೊಳ್ಳಿ. ಕುಳ್ಳ ನಾಟಿ ತಳಿಯಾದ ಮಲೆನಾಡು ಗಿಡ್ಡದ ಕರು ಅಷ್ಟೇ ವಯಸ್ಸಿಗೆ ಅದರ ಅರ್ಧವೂ ತೂಗಲಿಕ್ಕಿಲ್ಲ. ಹಾಗಾಗಿ ವಯಸ್ಸು ನೋಡಿ ಹಾಲು ಅಳೆಯಬೇಡಿ.

ಕರು ಬರುವ ಮುಂಚೆ ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದವು

ಮೆಡಿಕಲ್ ಶಾಪಿನಲ್ಲಿ ಸಿಗುವ ಡಿಜಿಟಲ್ ಥರ್ಮಾಮೀಟರ್ ಒಂದು. ಇದಿಲ್ಲದೆ ಶುರುವನ್ನೇ ಮಾಡಬೇಡಿ. ಕರುಗಳಿಗೆಂದೇ ಮಾಡಿದ ರಬ್ಬರ್ ನಿಪ್ಪಲ್ ಎರಡು, ಅದಕ್ಕೆ ಹೊಂದುವ ಬಾಟಲಿ, ಅಳತೆ ಗೆರೆ ಇರುವ ಒಂದು ಮಗ್. ಒಂದು ಲೀಟರ್ ನೀರಿಗೆ ಕಲಸುವ ಓಆರ್‌ಎಸ್ ಪುಡಿಯ ಪೊಟ್ಟಣ ಏಳೆಂಟು. ಪೇಪರ್ ಡಬ್ಬಿಯಲ್ಲಿ ಬರುವ ಸಿಹಿ ಪಾನೀಯ ತರಬೇಡಿ, ಅದು ಓಆರ್‌ಎಸ್ ಅಲ್ಲ. ಒಣ ಭತ್ತದ ಹುಲ್ಲು, ನಾಲ್ಕು ಗೋಣಿಚೀಲ, ಹಳೆಯ ಟವಲ್ಲು, ಹೊಕ್ಕುಳಿಗೆ ಟಿಂಚರ್ ಅಯೋಡಿನ್. ಜೊತೆಗೊಂದು ನೋಟ್‌ಬುಕ್. ಎಷ್ಟು ಕುಡಿಯಿತು, ಜ್ವರ ಎಷ್ಟಿತ್ತು, ಸಗಣಿ ಹೇಗಿತ್ತು ಎಂದು ಬರೆದಿಡದಿದ್ದರೆ ಮೂರನೆಯ ದಿನ ಡಾಕ್ಟರು ಕೇಳಿದಾಗ ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತದೆ.

ತೂಕಕ್ಕೆ ಬೇರೆ ಯಂತ್ರ ಬೇಕಿಲ್ಲ. ಮನುಷ್ಯರು ನಿಲ್ಲುವ ತೂಕದ ಯಂತ್ರದ ಮೇಲೆ ಕರುವನ್ನು ತಬ್ಬಿಕೊಂಡು ನಿಂತು, ನಿಮ್ಮ ತೂಕ ಕಳೆಯಿರಿ. ಎತ್ತಲಾರದಷ್ಟು ದೊಡ್ಡದಾಗಿದ್ದರೆ ಮುಂಗಾಲ ಹಿಂದೆ ಎದೆಸುತ್ತನ್ನೂ, ಭುಜದ ಮೂಳೆಯಿಂದ ಪೃಷ್ಠದ ಮೂಳೆಯವರೆಗಿನ ಉದ್ದವನ್ನೂ ಇಂಚಿನಲ್ಲಿ ಅಳೆಯಿರಿ. ಎದೆಸುತ್ತನ್ನು ಎದೆಸುತ್ತಿನಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಸುಮಾರು ಕೆಜಿ ಸಿಗುತ್ತದೆ. 28 ಇಂಚು ಸುತ್ತು, 26 ಇಂಚು ಉದ್ದ ಇದ್ದರೆ ಹತ್ತಿರ ಹತ್ತಿರ 31 ಕೆಜಿ.

ಹಂತ 1: ಹಾಲು ಕಾಯಿಸುವ ಮುಂಚೆ ಕರುವನ್ನು ನೋಡಿ

ಹತ್ತು ನಿಮಿಷದ ಕೆಲಸ, ಆದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಥರ್ಮಾಮೀಟರನ್ನು ಗುದದೊಳಗೆ ಇಟ್ಟು ನೋಡಿ. ಆರೋಗ್ಯವಾದ ಕರುವಿಗೆ 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. 100ಕ್ಕಿಂತ ಕಡಿಮೆ ಇದ್ದರೆ ಅದು ತಣ್ಣಗಾದ ಕರು, ಹಾಲಿನ ಮಾತು ಈಗ ಬೇಡ. 103.5 ದಾಟಿದ್ದರೆ ಒಳಗೆ ಸೋಂಕಿದೆ, ಡಾಕ್ಟರು ಬೇಕು.

ಕೈ ತೊಳೆದು ಬೆರಳನ್ನು ಬಾಯೊಳಗೆ ಇಡಿ. ಗಟ್ಟಿಯಾಗಿ ಚೀಪಿದರೆ ಅರ್ಧ ಗೆದ್ದಂತೆ. ಬಾಯಿ ತಣ್ಣಗಿದ್ದು ನಾಲಿಗೆ ಸುಮ್ಮನೆ ಬಿದ್ದಿದ್ದರೆ ಆ ಕರುವಿಗೆ ಬಾಟಲಿ ಕೊಡಲೇಬಾರದು. ಚೀಪದ ಕರು ನುಂಗುವುದೂ ಇಲ್ಲ, ಹಾಲು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಕತ್ತಿನ ಚರ್ಮವನ್ನು ಚಿವುಟಿ ಎತ್ತಿ ಬಿಡಿ. ಒಂದು ಸೆಕೆಂಡಿನಲ್ಲಿ ಮೊದಲಿನಂತೆ ಕೂತರೆ ಸರಿ. ಎರಡು ಮೂರು ಸೆಕೆಂಡ್ ಹಿಡಿದರೆ ಮೈಯಲ್ಲಿ ನೀರು ಕಡಿಮೆಯಾಗಿದೆ. ಆರು ಸೆಕೆಂಡಾದರೂ ಮಡಿಕೆ ನಿಂತೇ ಇದ್ದರೆ ಬಾಯಿಂದ ಕೊಡುವ ನೀರು ಸಾಲದು, ಡ್ರಿಪ್ ಹಾಕಿಸಬೇಕು. ಇಲ್ಲಿ ಎಲ್ಲರೂ ಎಡವುವ ಒಂದು ಜಾಗವಿದೆ. ಕೊಬ್ಬೆಲ್ಲ ಕರಗಿದ ಕರುವಿನ ಕಣ್ಣು ನೀರಿನ ಕೊರತೆ ಇಲ್ಲದಿದ್ದರೂ ಒಳಗೆ ಹೋಗಿರುತ್ತದೆ, ಚರ್ಮವೂ ಸಡಿಲವಾಗಿರುತ್ತದೆ. ಆದ್ದರಿಂದ ಒಸಡನ್ನು ಮುಟ್ಟಿ ನೋಡಿ. ಒದ್ದೆಯಾಗಿ ಜಾರುತ್ತದೋ, ಅಂಟಂಟಾಗಿದೆಯೋ? ಅಂಟಾಗಿದ್ದರೆ ಅನುಮಾನ ಬೇಡ, ನೀರು ಬೇಕು. ಅದೇ ಒಸಡು ಸುಣ್ಣದಂತೆ ಬಿಳಚಿಕೊಂಡಿದ್ದರೆ ರಕ್ತಹೀನತೆ. ಉಣ್ಣಿ, ಜಂತು ಅಥವಾ ಉಣ್ಣಿಯಿಂದ ಬರುವ ಥೈಲೇರಿಯಾ ಜ್ವರ, ಮೂರರಲ್ಲಿ ಒಂದಿರಬಹುದು.

ಕೊನೆಗೆ ಹೊಕ್ಕುಳು ಮತ್ತು ಮಂಡಿ. ಹೊಕ್ಕುಳು ಊದಿ, ಬಿಸಿಯಾಗಿ, ಮುಟ್ಟಿದರೆ ಒದೆಯುತ್ತಿದ್ದರೆ, ಅಥವಾ ಕಾಲಿನ ಕೀಲು ಬಾತಿದ್ದರೆ ಆ ಕರು ಸೊರಗಿರುವುದು ಬರೀ ಹಾಲಿಲ್ಲದೆ ಅಲ್ಲ. ಎಷ್ಟು ಹಾಲು ಹುಯ್ದರೂ ಮೈ ಹತ್ತುವುದಿಲ್ಲ, ಮೊದಲು ಸೋಂಕಿಗೆ ಔಷಧಿ ಆಗಬೇಕು.

ಹಂತ 2: ಬೆಚ್ಚಗೆ ಮಾಡಿ

ತಣ್ಣಗಾದ ಮೈಯಲ್ಲಿ ಹೊಟ್ಟೆ ಕೆಲಸ ಮಾಡುವುದಿಲ್ಲ. ಒಳಗೆ ಹೋದ ಹಾಲು ಅಲ್ಲೇ ನಿಂತು ಕೊಳೆಯುತ್ತದೆ.

ಒದ್ದೆಯಿದ್ದರೆ ಟವಲ್ಲಿನಲ್ಲಿ ಗಸಗಸ ಉಜ್ಜಿ ಒಣಗಿಸಿ. ಮೊಣಕಾಲು ಮುಚ್ಚುವಷ್ಟು ಹುಲ್ಲು ಹಾಕಿ ಅದರೊಳಗೆ ಕೂರಿಸಿ, ಗೋಣಿಚೀಲ ಹೊದಿಸಿ. ಬಿಸಿನೀರು ತುಂಬಿದ ಬಾಟಲಿಗಳನ್ನು ಬಟ್ಟೆಯಲ್ಲಿ ಸುತ್ತಿ ತೊಡೆಸಂದಿಗೂ ಎದೆಯ ಪಕ್ಕಕ್ಕೂ ಇಡಿ. ಬರೀ ಬಾಟಲಿ ಇಟ್ಟರೆ ಚರ್ಮ ಸುಡುತ್ತದೆ, ಸೋತ ಕರು ಜಾಡಿಸಿ ತಳ್ಳುವುದೂ ಇಲ್ಲ. ಕೊಟ್ಟಿಗೆಯಲ್ಲಿ ಬೆಂಕಿ ಹಾಕಿ ಹೊಗೆ ಮಾಡಬೇಡಿ. ಅರ್ಧ ಗಂಟೆಗೊಮ್ಮೆ ಥರ್ಮಾಮೀಟರ್ ನೋಡಿ. 100 ದಾಟಿ, ಬೆರಳು ಚೀಪಲು ಶುರುವಾದರೆ ಮುಂದಿನ ಹಂತಕ್ಕೆ ಹೋಗಬಹುದು. ಎರಡು ಗಂಟೆಯಾದರೂ ಏರದಿದ್ದರೆ ಸಿರೆಗೆ ಗ್ಲೂಕೋಸ್ ಹೋಗಬೇಕು. ಹತ್ತಿರದ ಪಶು ಆಸ್ಪತ್ರೆಗೋ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೋ ಕರೆ ಮಾಡಿ.

ಹಾಸಿಗೆ ಒಣಗಿದೆಯೇ ಎಂದು ತಿಳಿಯಲು ಸುಲಭದ ಉಪಾಯ: ನೀವೇ ಅದರ ಮೇಲೆ ಅರ್ಧ ನಿಮಿಷ ಮಂಡಿಯೂರಿ. ಪಂಚೆ ಒದ್ದೆಯಾದರೆ ಹುಲ್ಲು ಬದಲಿಸಿ.

ಹಂತ 3: ನೀರು ಮತ್ತು ಉಪ್ಪು

ಒಂದು ಪೊಟ್ಟಣ ಓಆರ್‌ಎಸ್ಸನ್ನು ಸರಿಯಾಗಿ ಒಂದು ಲೀಟರ್ ಉಗುರುಬೆಚ್ಚನೆ ನೀರಿಗೆ ಕಲಸಿ, ಒಂದು ಸಲಕ್ಕೆ ಅರ್ಧ ಲೀಟರ್ ಬಾಟಲಿಯಲ್ಲೇ ಕೊಡಿ. 25 ಕೆಜಿಯ ಕರುವಿನ ಮೈಯಿಂದ ಶೇಕಡ 8ರಷ್ಟು ನೀರು ಹೋಗಿದೆ ಎಂದರೆ ಎರಡು ಲೀಟರ್ ಬಾಕಿ ಎಂದರ್ಥ. ಮೊದಲ ದಿನ ನಾಲ್ಕು ಸಲ ಅರ್ಧರ್ಧ ಲೀಟರ್ ಕೊಡುವುದು ಆ ಬಾಕಿ ತೀರಿಸಲು. ಭೇದಿ ನಡೆದೇ ಇದ್ದರೆ ಅದೂ ಸಾಲುವುದಿಲ್ಲ. ಕರುಗಳಿಗೆಂದೇ ಬರುವ ಎಲೆಕ್ಟ್ರೊಲೈಟ್ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು.

ಮನೆಯಲ್ಲಿ ಸಕ್ಕರೆ, ಉಪ್ಪು ಕಲಸಿ ಕೊಡೋಣವೇ ಎಂದು ಬಹಳ ಜನ ಕೇಳುತ್ತಾರೆ. ಬೇಡ. ಮಕ್ಕಳಿಗೆ ಅದು ಸರಿ, ಕರುವಿಗಲ್ಲ. ನಾವು ತಿನ್ನುವ ಸಕ್ಕರೆಯನ್ನು ಒಡೆಯುವ ಕಿಣ್ವ ಕರುವಿನ ಕರುಳಿನಲ್ಲಿಲ್ಲ. ಸಕ್ಕರೆ ಹಾಗೇ ಕೆಳಗಿಳಿದು ನೀರೆಳೆದು ಭೇದಿ ಹೆಚ್ಚಿಸುತ್ತದೆ. ಬೆಲ್ಲಕ್ಕೂ ಇದೇ ಮಾತು. ಓಆರ್‌ಎಸ್ ಪೊಟ್ಟಣದಲ್ಲಿರುವುದು ಗ್ಲೂಕೋಸ್, ಅದನ್ನು ಕರುಳು ನೇರವಾಗಿ ಹೀರಿಕೊಳ್ಳುತ್ತದೆ. ರಾಗಿ ಗಂಜಿಯನ್ನೂ ಮೂರು ವಾರದೊಳಗಿನ ಕರುವಿಗೆ ಕೊಡಬೇಡಿ, ಹಿಟ್ಟು ಜೀರ್ಣವಾಗುವ ವಯಸ್ಸಲ್ಲ ಅದು.

ಓಆರ್‌ಎಸ್ಸನ್ನು ಹಾಲಿಗೆ ಬೆರೆಸಬೇಡಿ. ಹಾಲು ನಾಲ್ಕನೆಯ ಹೊಟ್ಟೆಯಲ್ಲಿ (ದನದ ಹೊಟ್ಟೆಗೆ ನಾಲ್ಕು ಭಾಗ) ಮೊಸರಿನಂತೆ ಗಟ್ಟಿಯಾಗಿ ನಿಧಾನವಾಗಿ ಕರಗಬೇಕು. ಕೆಲವು ಪುಡಿಗಳಲ್ಲಿರುವ ಸೋಡಾ ಅದನ್ನು ಕೆಡಿಸುತ್ತದೆ. ಎರಡರ ನಡುವೆ ಎರಡು ಮೂರು ಗಂಟೆ ಇರಲಿ.

ಹಂತ 4: ಹಾಲು, ಅಳೆದು

25 ಕೆಜಿ ಕರು ಇದ್ದ ಮೈ ಉಳಿಸಿಕೊಳ್ಳುವುದಕ್ಕೇ ದಿನಕ್ಕೆ ಎರಡು ಲೀಟರ್ ಹತ್ತಿರ ಹಾಲು ಬೇಕು. ಬೆಳೆಯಬೇಕಾದರೆ ಅದಕ್ಕಿಂತ ಹೆಚ್ಚು. ಮೊದಲ ದಿನ ಅಷ್ಟನ್ನೂ ಕೊಡುವಂತಿಲ್ಲ, ಮೊದಲ ದಿನದ ಅಳತೆಯಲ್ಲೇ ವಾರವಿಡೀ ನಿಲ್ಲುವಂತೆಯೂ ಇಲ್ಲ. ಎರಡೂ ತಪ್ಪನ್ನು ನಾನು ಮಾಡಿದ್ದೇನೆ.

ನಾನು ಈಗ ಹಿಡಿಯುವ ಲೆಕ್ಕ ಇದು:

1. ಮೊದಲ ದಿನ: ಸಲಕ್ಕೆ 350 ಮಿಲಿಲೀಟರ್, ನಾಲ್ಕು ಸಲ. ನಡುನಡುವೆ ಓಆರ್‌ಎಸ್. ಬೆಳಿಗ್ಗೆ 6ಕ್ಕೆ ಓಆರ್‌ಎಸ್, 9ಕ್ಕೆ ಹಾಲು, 12ಕ್ಕೆ ಓಆರ್‌ಎಸ್, 3ಕ್ಕೆ ಹಾಲು, ಹೀಗೇ ರಾತ್ರಿಯೂ. ಹೌದು, ಬೆಳಗಿನ ಜಾವ ಮೂರಕ್ಕೂ ಏಳಬೇಕು. ಒಂದೇ ರಾತ್ರಿ, ಎದ್ದೇಳಿ.
2. ಎರಡನೆಯ ದಿನ: ಸಲಕ್ಕೆ ಅರ್ಧ ಲೀಟರ್, ನಾಲ್ಕು ಸಲ.
3. ಮೂರು, ನಾಲ್ಕನೆಯ ದಿನ: ಒಟ್ಟು ಎರಡೂವರೆ ಲೀಟರ್, ನಾಲ್ಕು ಸಲಕ್ಕೆ ಹಂಚಿ.
4. ಐದರಿಂದ ಏಳನೆಯ ದಿನ: ಒಟ್ಟು ಮೂರು ಲೀಟರ್.
5. ಎರಡನೆಯ ವಾರ: ಸಗಣಿ ಗಟ್ಟಿಯಿದ್ದರೆ ಮೂರೂವರೆಯಿಂದ ನಾಲ್ಕು ಲೀಟರ್, ಮೂರು ಸಲಕ್ಕೆ. ಅಂದರೆ ಮೈತೂಕದ ಶೇಕಡ 15ರ ಆಸುಪಾಸು.

ಕುಡಿಯುವ ಹೊತ್ತಿಗೆ ಹಾಲು 38ರಿಂದ 40 ಡಿಗ್ರಿ ಸೆಲ್ಸಿಯಸ್ ಇರಬೇಕು, ಮಣಿಕಟ್ಟಿನ ಮೇಲೆ ಬಿಟ್ಟರೆ ಹಿತವಾದ ಬಿಸಿ. ಚಳಿಗಾಲದಲ್ಲಿ ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿಟ್ಟೇ ಕೊಟ್ಟಿಗೆಗೆ ಒಯ್ಯಿರಿ.

ಹಾಲಿಗೆ ನೀರು ಬೆರೆಸಬೇಡಿ. "ತೆಳು ಮಾಡಿದರೆ ಭೇದಿ ಆಗಲ್ಲ" ಎನ್ನುವುದು ನಂಬಿಕೆ ಅಷ್ಟೇ. ಹೊಟ್ಟೆ ತುಂಬುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಕೆಚ್ಚಲು ಬಾವಿನ ಹಾಲು, ಇಂಜೆಕ್ಷನ್ ಕೊಟ್ಟ ಹಸುವಿನಿಂದ ಡೈರಿಗೆ ಹಾಕಲಾಗದೆ ಉಳಿದ ಹಾಲು, ಇವನ್ನು ಕರುವಿಗೆ ಹಾಕುವುದು ಉಳಿತಾಯವಲ್ಲ. ಮಿಲ್ಕ್ ರೀಪ್ಲೇಸರ್ (ಹಾಲಿನ ಬದಲು ನೀರಿಗೆ ಕಲಸಿ ಕೊಡುವ ಪುಡಿ) ಬಳಸುವವರು ಚೀಲದ ಮೇಲಿನ ಅಳತೆಯನ್ನು ತಕ್ಕಡಿಯಲ್ಲೇ ತೂಗಿ ಹಾಕಿ, ಲೀಟರಿಗೆ ಸಾಮಾನ್ಯವಾಗಿ 125ರಿಂದ 150 ಗ್ರಾಂ. ಮುಷ್ಟಿ ಲೆಕ್ಕ ಬೇಡ. ಸೋಯಾ ಆಧಾರದ ಪುಡಿ ಮೂರು ವಾರದೊಳಗಿನ ಕರುವಿಗೆ ಸರಿಹೋಗುವುದಿಲ್ಲ. ಹಸುವಿನ ಹಾಲಿನಿಂದ ಪುಡಿಗೆ ಬದಲಾಯಿಸುವುದಾದರೆ ನಾಲ್ಕೈದು ದಿನ ಹಿಡಿದು ಬದಲಾಯಿಸಿ.

ಆಗಷ್ಟೇ ಹುಟ್ಟಿದ ಅನಾಥ ಕರುವಾದರೆ ಲೆಕ್ಕ ಬೇರೆ. ಅದಕ್ಕೆ ಬೇಕಾದ್ದು ಗಿಣ್ಣು ಹಾಲು, ಮೊದಲ ಆರು ಗಂಟೆಯೊಳಗೆ. ಇಪ್ಪತ್ತನಾಲ್ಕು ಗಂಟೆ ದಾಟಿದ ಮೇಲೆ ರೋಗ ತಡೆಯುವ ಅಂಶ ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ. ಊರಿನಲ್ಲಿ ಯಾರ ಹಸು ಕರು ಹಾಕಿದರೂ ಒಂದೆರಡು ಲೀಟರ್ ಗಿಣ್ಣು ಕೇಳಿ ತಂದು ಫ್ರೀಜರ್‌ನಲ್ಲಿಡಿ. ಎಲ್ಲದನ್ನೂ ಗಿಣ್ಣು ಕಾಯಿಸಿ ತಿಂದು ಮುಗಿಸಬೇಡಿ.

ಹಂತ 5: ಬಾಟಲಿ ಹಿಡಿಯುವ ರೀತಿ

ಅಳತೆ ಸರಿಯಿದ್ದೂ ಕರು ಕೆಡುವುದು ಇಲ್ಲಿ.

ಕರು ಕತ್ತು ಮುಂದಕ್ಕೆ ಚಾಚಿ ಚೀಪುವಾಗ ಅನ್ನನಾಳದ ತುದಿಯಲ್ಲಿ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು ಹಾಲನ್ನು ನೇರ ನಾಲ್ಕನೆಯ ಹೊಟ್ಟೆಗೆ ಸಾಗಿಸುತ್ತದೆ. ಬಲವಂತವಾಗಿ ಸುರಿದರೆ ಆ ಮಡಿಕೆ ಮುಚ್ಚಿಕೊಳ್ಳುವುದಿಲ್ಲ. ಹಾಲು ಮೊದಲ ಹೊಟ್ಟೆಗೆ ಬಿದ್ದು ಹುಳಿಯುತ್ತದೆ. ಕುಡಿದ ಮೇಲೆ ಎಡಪಕ್ಕೆ ಉಬ್ಬುವುದು, ಅಲ್ಲಾಡಿಸಿದರೆ ಕುಳುಕ್ ಎನ್ನುವುದು, ಸಗಣಿ ಜೇಡಿಮಣ್ಣಿನಂತೆ ಅಂಟುವುದು, ಇವು ಅದರ ಗುರುತು.

ಕರು ನಿಂತಿರಬೇಕು, ನಿಲ್ಲಲಾರದಿದ್ದರೆ ಕಾಲು ಮಡಚಿ ಎದೆಯ ಮೇಲೆ ಕೂತಿರಬೇಕು. ಪಕ್ಕಕ್ಕೆ ಮಲಗಿದ ಕರುವಿನ ಬಾಯಿಗೆ ಏನನ್ನೂ ಹಾಕಬೇಡಿ. ನಿಪ್ಪಲ್ ತಾಯಿಯ ಕೆಚ್ಚಲಿನ ಎತ್ತರದಲ್ಲಿರಲಿ, ಮೂಗು ಕಣ್ಣಿಗಿಂತ ಮೇಲೆ ಹೋಗದಿರಲಿ. ಗೋಡೆಯ ಮೂಲೆಗೆ ಹಿಂಭಾಗ ಒರಗಿಸಿ, ನಿಮ್ಮ ತೊಡೆಗಳ ನಡುವೆ ಭುಜ ಹಿಡಿದರೆ ಒಬ್ಬರೇ ಕುಡಿಸಬಹುದು. ಬಾಟಲಿ ತಲೆಕೆಳಗು ಮಾಡಿದರೆ ಹಾಲು ತೊಟ್ಟಿಕ್ಕಬೇಕು, ಧಾರೆಯಾಗಿ ಸುರಿಯಬಾರದು. ಬೇಗ ಮುಗಿಯಲಿ ಎಂದು ಬ್ಲೇಡಿನಿಂದ ತೂತು ದೊಡ್ಡದು ಮಾಡಿದವರು ನನಗೆ ಗೊತ್ತು. ಆ ಕರು ವಾರದೊಳಗೆ ಕೆಮ್ಮಿತು.

ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಹಾಲು ಹುಯ್ಯುವುದಂತೂ ಬೇಡವೇ ಬೇಡ. ದೊಡ್ಡ ಎತ್ತಿಗೆ ಔಷಧಿ ಕುಡಿಸಿದ ಕೈಗೆ ಅದು ಅಭ್ಯಾಸ, ಆದರೆ ಸೋತ ಕರುವಿಗೆ ಅದು ಮೂಗು ಹಿಡಿದು ಮುಳುಗಿಸಿದ ಹಾಗೆ. ಗಂಟಲಿಗೆ ಕೊಳವೆ ಇಳಿಸಿ ಕುಡಿಸುವುದನ್ನು ಡಾಕ್ಟರಿಂದ ಕಣ್ಣೆದುರೇ ಕಲಿತವರು ಮಾತ್ರ ಮಾಡಲಿ.

ಮುಗಿದ ಮೇಲೆ ಬಾಟಲಿಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ಆಮೇಲೆ ಸೋಪು ಮತ್ತು ಬಿಸಿನೀರು. ಮೊದಲೇ ಕುದಿಯುವ ನೀರು ಹಾಕಿದರೆ ಹಾಲಿನ ಪ್ರೋಟೀನು ಗಾಜಿಗೂ ರಬ್ಬರಿಗೂ ಕಚ್ಚಿಕೊಳ್ಳುತ್ತದೆ. ನಿಪ್ಪಲ್ ಒಳಗೆ ಬೆರಳು ಹಾಕಿ ನೋಡಿ, ಲೋಳೆ ಸಿಕ್ಕರೆ ಭೇದಿಯ ಮೂಲ ಅಲ್ಲೇ ಇದೆ.

ಹಂತ 6: ಸಗಣಿ ಓದುವುದು

ಮೊದಲ ವಾರ ಹಾಲು ಏರಿಸುವಾಗ ಸಗಣಿ ಸ್ವಲ್ಪ ಸಡಿಲವಾಗುವುದು ಸಹಜ. ಕರು ಚುರುಕಾಗಿದ್ದು, ಚೀಪುತ್ತಿದ್ದರೆ ಅವತ್ತಿನ ಅಳತೆಯಲ್ಲೇ ಒಂದು ದಿನ ಹೆಚ್ಚು ನಿಲ್ಲಿ, ಏರಿಸಬೇಡಿ. ನೀರಿನಂತೆ ಹೋಗತೊಡಗಿದರೆ ಓಆರ್‌ಎಸ್ ಮತ್ತೆ ಶುರು ಮಾಡಿ, ಆದರೆ ಹಾಲು ನಿಲ್ಲಿಸಬೇಡಿ. ಸಣ್ಣ ಸಣ್ಣ ಗುಟುಕಾಗಿ ಐದಾರು ಸಲಕ್ಕೆ ಹಂಚಿ. ಭೇದಿ ಎಂದು ಎರಡು ದಿನ ಹಾಲು ಕಟ್ಟಿದರೆ ಮೊದಲೇ ಮೈಯಲ್ಲಿ ಏನೂ ಇಲ್ಲದ ಕರು ಭೇದಿಗಿಂತ ಮೊದಲು ಹಸಿವಿಗೇ ಹೋಗುತ್ತದೆ.

ರಕ್ತ ಕಂಡರೆ, 103.5ರ ಮೇಲೆ ಜ್ವರವಿದ್ದರೆ, ಎರಡು ಹೊತ್ತು ಬಾಟಲಿ ಬೇಡವೆಂದರೆ, ಉಸಿರಾಟದಲ್ಲಿ ಪಕ್ಕೆ ಎಳೆದರೆ, ಎದ್ದು ನಿಲ್ಲುತ್ತಿದ್ದ ಕರು ಮತ್ತೆ ಮಲಗಿದರೆ ಡಾಕ್ಟರನ್ನು ಕರೆಯಿರಿ. ಕಳೆದ ಸಲ ಉಳಿದ ಆಂಟಿಬಯಾಟಿಕ್ ಮಾತ್ರೆ ಅರ್ಧ ಮುರಿದು ಹಾಕುವುದು ಬೇಡ.

ಹಂತ 7: ಜಂತು ಮತ್ತು ಉಣ್ಣಿ, ಅವಸರ ಬೇಡ

ಬಂದ ದಿನವೇ ಜಂತುನಾಶಕ ಹಾಕುವ ಚಪಲ ಹೆಚ್ಚು. ಕರು ತಾನಾಗಿ ನಿಂತು, ಎರಡು ದಿನ ಸರಿಯಾಗಿ ಕುಡಿದ ಮೇಲೆ ಹಾಕಿ, ಸಾಮಾನ್ಯವಾಗಿ ನಾಲ್ಕರಿಂದ ಏಳನೆಯ ದಿನ. ತೂಕ ಹೇಳಿ ಡಾಕ್ಟರಿಂದ ಪ್ರಮಾಣ ಬರೆಸಿಕೊಳ್ಳಿ. ಎಮ್ಮೆ ಕರುವಿಗೆ ಇದು ಇನ್ನೂ ಮುಖ್ಯ. ಅದರ ದುಂಡುಹುಳು ತಾಯಿಯ ಹಾಲಿನಲ್ಲೇ ಬರುತ್ತದೆ, ಆದ್ದರಿಂದ ಹುಟ್ಟಿದ 10ರಿಂದ 14 ದಿನಕ್ಕೇ ಮೊದಲ ಔಷಧಿ ಬೀಳಬೇಕು. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ.

ಉಣ್ಣಿಯನ್ನು ಕೈಯಲ್ಲೇ ಬಿಡಿಸಿ, ಕಿವಿಯೊಳಗೆ, ಬಾಲದ ಬುಡ, ತೊಡೆಸಂದಿ. ದೊಡ್ಡ ದನಕ್ಕೆ ಬಳಿಯುವ ಔಷಧಿಯನ್ನು ಸೋತ ಕರುವಿಗೆ ಬಳಿಯಬೇಡಿ, ನೆಕ್ಕಿಕೊಂಡು ವಿಷವಾಗುತ್ತದೆ.

ಹಂತ 8: ಹಾಲಿನಿಂದ ಹಿಂಡಿಗೆ

ಮೊದಲ ವಾರದಿಂದಲೇ ಬಕೆಟ್ಟಿನಲ್ಲಿ ಶುದ್ಧ ನೀರು ಇರಲಿ. ಬಾಟಲಿಯ ಹಾಲು ನೀರಿನ ಬದಲಲ್ಲ. ಹಾಲು ಮುಗಿದ ಕೂಡಲೆ ಚೀಪುವ ಚಟ ಇನ್ನೂ ಇರುತ್ತದೆ. ಆಗ ಒಂದು ಹಿಡಿ ಕಾಫ್ ಸ್ಟಾರ್ಟರ್ (ಎಳೆಗರುವಿನ ಕಾಳಿನ ಮೇವು) ಮೂತಿಗೆ ಸವರಿ. ಪಕ್ಕದ ಕರುವಿನ ಕಿವಿ, ಹೊಕ್ಕುಳು ಚೀಪುವುದೂ ತಪ್ಪುತ್ತದೆ, ರುಚಿಯೂ ಹತ್ತುತ್ತದೆ.

ಮೊದಲ ಹೊಟ್ಟೆಯನ್ನು ಬೆಳೆಸುವುದು ಕಾಳು. ಬರೀ ಹುಲ್ಲು ತಿಂದ ಕರುವಿಗೆ ಹೊಟ್ಟೆ ಮಡಕೆಯಂತಾಗುತ್ತದೆ, ಬೆನ್ನೆಲುಬು ಹಾಗೇ ಎದ್ದು ಕಾಣುತ್ತದೆ. ಅದನ್ನು "ಹೊಟ್ಟೆ ಬಂದಿದೆ, ಚೆನ್ನಾಗಿದೆ" ಎಂದುಕೊಳ್ಳುವವರಿದ್ದಾರೆ. ಮನೆಯಲ್ಲೇ ಮಾಡುವುದಾದರೆ ನೂರು ಕೆಜಿಗೆ ಮುಸುಕಿನ ಜೋಳದ ನುಚ್ಚು 50, ಕಡಲೆಕಾಯಿ ಹಿಂಡಿ 30, ಗೋಧಿ ಬೂಸ 17, ಖನಿಜ ಮಿಶ್ರಣ 2, ಉಪ್ಪು 1. ಪ್ರೋಟೀನ್ ಶೇಕಡ 19ರ ಹತ್ತಿರ ಬರುತ್ತದೆ. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಎಸೆಯಿರಿ, ಅದರ ವಿಷ ಕರುವಿನ ಯಕೃತ್ತಿಗೆ ನೇರ ಬಡಿಯುತ್ತದೆ. ಯೂರಿಯಾ ಸೇರಿದ ದೊಡ್ಡ ದನದ ಮೇವನ್ನೂ, ಯೂರಿಯಾ ಹಾಕಿ ಹದ ಮಾಡಿದ ಹುಲ್ಲನ್ನೂ ಆರು ತಿಂಗಳೊಳಗೆ ಕೊಡಬೇಡಿ.

ಮಣ್ಣು ನೆಕ್ಕುತ್ತಿದ್ದರೆ ಬಾಯಿಕುಕ್ಕೆ ಕಟ್ಟಿ ಕೈತೊಳೆದುಕೊಳ್ಳಬೇಡಿ. ಜಂತು ಇದೆಯೋ, ಖನಿಜದ ಕೊರತೆಯೋ ನೋಡಿ. ಕುಕ್ಕೆ ಅಲ್ಲಿಯವರೆಗಿನ ತಡೆ ಮಾತ್ರ.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ ಹಾಲಿಗೆ ಮುಂಚೆ ನೋಡಿ. ನಮ್ಮ ಚುಕ್ಕಿ ಬಂದಾಗ 24 ಕೆಜಿ ಇದ್ದಳು. ವಾರ ಕಳೆದು ತೂಗಿದಾಗ 23.8. ಅವ್ವ ಬಾಟಲಿ ಕಸಿದುಕೊಳ್ಳುವುದರಲ್ಲಿದ್ದಳು. ಎರಡನೆಯ ವಾರ 26, ನಾಲ್ಕನೆಯ ವಾರ 32. ಮೊದಲ ವಾರ ತೂಕ ನಿಂತರೆ ಗಾಬರಿ ಬೇಡ. ಎರಡನೆಯ ವಾರವೂ ನಿಂತರೆ ಬೇರೇನೋ ರೋಗವಿದೆ.

ಹಾಲು ಬಿಡಿಸುವುದನ್ನು ಕ್ಯಾಲೆಂಡರ್ ನೋಡಿ ಮಾಡಬೇಡಿ. ದಿನಕ್ಕೆ ಒಂದು ಕೆಜಿ ಹತ್ತಿರ ಸ್ಟಾರ್ಟರನ್ನು ಸತತ ಮೂರು ದಿನ ತಿಂದರೆ ಮಾತ್ರ ಶುರು ಮಾಡಿ, ಸೊರಗಿದ ಕರು ಅಲ್ಲಿಗೆ ಬರುವುದು ಹತ್ತು ವಾರವೋ, ಇನ್ನೂ ತಡವಾಗಿಯೋ. ಹತ್ತು ದಿನದಲ್ಲಿ ಮೆಲ್ಲಗೆ ಇಳಿಸಿ, ಸಂಜೆಯ ಬಾಟಲಿಯನ್ನು ಕೊನೆಗೆ ನಿಲ್ಲಿಸಿ. ಆ ಹತ್ತು ದಿನ ಕೊಂಬು ಸುಡಿಸುವುದು, ಜಾಗ ಬದಲಿಸುವುದು, ಹೊಸ ಕರುವಿನ ಜೊತೆ ಕಟ್ಟುವುದು ಯಾವುದೂ ಬೇಡ. ನಾಲ್ಕು ತಿಂಗಳು ತುಂಬುತ್ತಿದ್ದಂತೆ ಕಾಲುಬಾಯಿ ರೋಗದ ಲಸಿಕೆ, ಹೆಣ್ಣು ಕರುವಾದರೆ ನಾಲ್ಕರಿಂದ ಎಂಟು ತಿಂಗಳೊಳಗೆ ಒಮ್ಮೆ ಬ್ರುಸೆಲ್ಲಾ ಲಸಿಕೆ. ಆ ಎರಡು ತಾರೀಖನ್ನೂ ಅದೇ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಈಗಲೇ ಬರೆದಿಡಿ.